ಆರನೇ ಷೆಡ್ಡಿನ ಪಾತ್ರವರ್ಗ

ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಸುಬ್ರಹ್ಮಣ್ಯ ಸ್ಟಾಪ್‌ವಾಚ್ ನೋಡಿ ರಟ್ಟಿನ ಮೇಲಿನ ಹಾಳೆಯಲ್ಲಿ ಬರೆದುಕೊಂಡ. ಲೇತ್ ನಿಂತಿತ್ತು, ಮಾತು ನಿಂತಿರಲಿಲ್ಲ.

ಪೀಣ್ಯದ ಈ ಕಾರ್ಖಾನೆಯ ಆರನೇ ಷೆಡ್ಡಿನಲ್ಲಿ ಸಿನಿಮಾ ಮಾತಿಗೆ ದಿನಕ್ಕೆ ಎಷ್ಟು ಹೊತ್ತು ಹಾಳಾಗುತ್ತದೆ ಎಂದು ಅಳೆದುಕೊಡಲು ಮ್ಯಾನೇಜರ್ ಹೇಳಿದ್ದರು. ಅವನ ಹುದ್ದೆಗೆ ವರ್ಕ್ ಸ್ಟಡಿ ಎಂಜಿನಿಯರ್ ಎಂದು ಹೆಸರು. ಬೇರೆಯವರು ಕೆಲಸ ಮಾಡುವುದನ್ನು ನೋಡುವುದೇ ತನ್ನ ಕೆಲಸ ಎಂದು ತಾಯಿಗೆ ವಿವರಿಸಲು ಹೋಗಿ ಅವನು ಮೂರು ವರ್ಷದ ಹಿಂದೆಯೇ ಸೋತಿದ್ದ.

ಲೇತಿನ ಹನುಮಂತರಾಯಪ್ಪ ನಟ ಪ್ರಭಂಜನನ ಅಭಿಮಾನಿ. ಪಕ್ಕದ ಗ್ರೈಂಡಿಂಗ್ ಮೆಷಿನ್ನಿನ ಲಕ್ಷ್ಮಣಪ್ಪ ಯಾರ ಅಭಿಮಾನಿಯೂ ಅಲ್ಲ. ಅಭಿಮಾನಿಗಳನ್ನು ಕೆಣಕುವುದು ಅವನ ಕಸುಬು. ಪ್ರಭಂಜನ ಹೊಸ ಚಿತ್ರದಲ್ಲಿ ಕಾಲೇಜು ಹುಡುಗನಾಗಿದ್ದ. ಆ ಪಾತ್ರ ಅವನಿಗೆ ಕೊಟ್ಟದ್ದು ಸರಿಯೇ ಎಂಬುದು ಬೆಳಗಿನ ವಿಷಯ.

"ಐವತ್ತು ದಾಟೈತೆ. ಬಿ.ಎ. ಮೊದ್ಲನೇ ವರ್ಷ ಅಂತೆ. ಫೀಸು ಯಾರ್ ಕಟ್ತಾರೋ, ಅಳಿಯಾನಾ?"

"ವಯಸ್ಸು ಯಾಕ್ ನೋಡ್ತೀಯ? ನಟನೆ ನೋಡು ಮಗಾ."

"ನೋಡ್ದೆ. ಮೆಟ್ಲು ಹತ್ತುವಾಗ ಮಂಡಿ ಹಿಡ್ಕಂಡಿದ್ದು ಬಲು ಸಹಜವಾಗಿತ್ತು."

ಅಲ್ಲಿಂದ ಮಾತು ಚಿತ್ರದ ಕೊನೆಯಲ್ಲಿ ಪ್ರಭಂಜನನಿಗೆ ಬಿದ್ದ ಗುಂಡೇಟಿಗೆ ಹೋಯಿತು. ಗುಂಡು ಎದೆಗೆ ಬಿತ್ತೆಂದು ಒಬ್ಬ, ಬಲ ಭುಜಕ್ಕೆಂದು ಇನ್ನೊಬ್ಬ. ಸುಬ್ರಹ್ಮಣ್ಯ ಆ ಚಿತ್ರವನ್ನು ಭಾನುವಾರ ಮೆಜೆಸ್ಟಿಕ್ಕಿನಲ್ಲಿ ಒಬ್ಬನೇ ಕೂತು ನೋಡಿದ್ದ. ಹಿಡಿಸಿರಲಿಲ್ಲ. ಆದರೆ ಎಲ್ಲ ನೆನಪಿತ್ತು. ತಪ್ಪು ವಿವರ ಕೇಳಿ ಸುಮ್ಮನಿರುವುದು ಅವನಿಂದಾಗದು.

"ಎಡ ಭುಜ," ಎಂದ. "ಆಸ್ಪತ್ರೇಲಿ ಪಟ್ಟಿ ಕಟ್ಟಿದ್ದು ಮಾತ್ರ ಬಲಕ್ಕೆ."

ಇಬ್ಬರೂ ತಿರುಗಿದರು. "ಹೌದಾ ಸಾರ್," ಎಂದು ಹನುಮಂತರಾಯಪ್ಪ ಲೇತ್ ಚಾಲೂ ಮಾಡಿದ.

ಒಂದು ನಿಜದಿಂದ ಜಗಳ ನಿಂತಿತ್ತು. ಕಾರ್ಖಾನೆಗೆ ಲಾಭವೇ. ಆದರೂ ಸುಬ್ರಹ್ಮಣ್ಯನಿಗೆ ಯಾರದೋ ಮನೆಯ ಊಟದ ಪಂಕ್ತಿಯ ನಡುವೆ ಚಪ್ಪಲಿ ಹಾಕಿಕೊಂಡು ನಿಂತಂತಾಯಿತು.

ಊಟದ ಬಿಡುವಿನ ನಂತರ ಅವರು ಹೊಸ ಆಟ ತೆಗೆದರು. ಈ ಷೆಡ್ಡಿನದೇ ಒಂದು ಸಿನಿಮಾ ತೆಗೆದರೆ ಯಾರ ಪಾತ್ರ ಯಾರಿಗೆ? ಹನುಮಂತರಾಯಪ್ಪನ ಪಾತ್ರ ಪ್ರಭಂಜನನಿಗೆ. ಅದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಮ್ಯಾನೇಜರ್ ಪಾತ್ರಕ್ಕೆ, ಇಪ್ಪತ್ತು ವರ್ಷ ಜಮೀನ್ದಾರನಾಗಿ ಹೆಂಗಸರ ಕೈ ಎಳೆದು ಈಗ ದೇವರ ಪಾತ್ರಕ್ಕೆ ಬಂದಿರುವ ದಪ್ಪ ನಟ. ಮೆಷಿನ್ನುಗಳಿಗೆ ಎಣ್ಣೆ ಹಾಕುವ ಮುನಿಯಣ್ಣನ ಪಾತ್ರಕ್ಕೆ, ಸದಾ ಅಳುವ ತಾಯಿಯ ಪಾತ್ರದ ನಟಿಗೇ ಖಾಕಿ ತೊಡಿಸಿದರೆ ಸಾಕೆಂದು ಲಕ್ಷ್ಮಣಪ್ಪ ಸೂಚಿಸಿದ. ಮುನಿಯಣ್ಣನೂ ಒಪ್ಪಿದ. ಗೇಟಿನ ನಾಯಿಯ ಬಗ್ಗೆ ಹೆಚ್ಚು ಹೊತ್ತು ಹಿಡಿಯಿತು. ಅಷ್ಟು ಸೋಮಾರಿಯಾಗಿ ನಟಿಸುವ ನಾಯಿ ಇಲ್ಲಿ ಸಿಗದು, ಮದರಾಸಿನಿಂದಲೇ ಬರಬೇಕು ಎಂದಾಯಿತು.

ಸುಬ್ರಹ್ಮಣ್ಯನ ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿಯ ಮೇಲಿತ್ತು. ಒತ್ತಲಿಲ್ಲ.

ಕಾರಣವಿಲ್ಲದೆ ಮೂರು ಸಲ ಲೇತಿನ ಹತ್ತಿರ ಹೋಗಿ ಬಂದ. ವಕೀಲನ ಪಾತ್ರ ಮಾಡುವ, ಕನ್ನಡಕದ ತೆಳ್ಳನೆಯ ನಟ ತನ್ನ ಪಾತ್ರಕ್ಕೆ ಒಪ್ಪುತ್ತಾನೆ ಎಂದುಕೊಂಡ. ಎರಡನೇ ಸಲಕ್ಕೆ, ಕೈ ತೊಳೆಯುತ್ತ 'ನಲವತ್ತೆಂಟು ಗಂಟೆ ಕಳೆಯಲಿ' ಎನ್ನುವ ಡಾಕ್ಟರಾದರೂ ಸರಿ ಅನ್ನಿಸಿತು. ಮೂರನೇ ಸಲಕ್ಕೆ ಕೊಡೆ ಹಿಡಿದು ಚರಂಡಿಗೆ ಬೀಳುವ ಹಾಸ್ಯನಟನಿಗೂ ಮನಸ್ಸು ತಯಾರಾಗಿತ್ತು. ಬಿ.ಇ. ಮೊದಲ ದರ್ಜೆಯವನು ತಾನು ಎಂದು ನೆನಪಾಗಿ ನಾಚಿಕೆಯಾಯಿತು. ನಾಚಿಕೊಂಡೇ, ಅವರು ಹರಟಿದ ಹೊತ್ತಿನ ಎದುರು ಹಾಳೆಯಲ್ಲಿ ಬರೆದ: 'ಟೂಲ್ ಸಾಣೆ ಹಿಡಿದದ್ದು, ಇಪ್ಪತ್ತಮೂರು ನಿಮಿಷ.' ಮೂರು ವರ್ಷದಲ್ಲಿ ಅವನು ಬರೆದ ಮೊದಲ ಸುಳ್ಳು. ಅದನ್ನು ಅವರಿಗೆ ಕಾಣುವಂತೆ ರಟ್ಟು ಓರೆ ಹಿಡಿದ. ಯಾರೂ ನೋಡಲಿಲ್ಲ.

ನಾಲ್ಕು ಗಂಟೆಗೆ, ತಮಾಷೆಗೆಂಬಂತೆ ನಕ್ಕು, ಕೇಳಿಯೇಬಿಟ್ಟ.

"ನನ್ನ ಪಾತ್ರ ಯಾರಿಗ್ ಕೊಟ್ರಿ?"

ಲಕ್ಷ್ಮಣಪ್ಪ ಹನುಮಂತರಾಯಪ್ಪನನ್ನು ನೋಡಿದ. ಹನುಮಂತರಾಯಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒಂದೊಂದೇ ಬೆರಳು, ನಿಧಾನವಾಗಿ.

"ನೀವು ಕಥೇಲಿ ಬರಲ್ಲ ಸಾರ್," ಎಂದ. "ಬೇಕಂತ ಬಿಟ್ಟಿದ್ದಲ್ಲ. ಕಥೆ ಹೇಳ್ಕಂಡು ಹೋದ್ವಿ, ಎಲ್ಲೂ ಬರ್ಲಿಲ್ಲ."

ದ್ವೇಷವಿದ್ದಿದ್ದರೆ ಸಹಿಸಬಹುದಿತ್ತು. ಅವನ ಮುಖದಲ್ಲಿ ಮರ್ಯಾದೆ ಇತ್ತು.

"ಬೇಕಾದ್ರೆ ಸೇರುಸ್ತೀವಿ ಸಾರ್," ಎಂದ ಲಕ್ಷ್ಮಣಪ್ಪ. "ಕೊನೇಲಿ ಪೊಲೀಸ್ರು ಬರ್ತಾರಲ್ಲ, ಆ ಜೀಪಲ್ಲಿ ಹಿಂದ್ಗಡೆ ಕೂತಿರ್ತೀರಿ."

"ಮಾತು ಇರುತ್ತಾ?"

"ಇರ್ತೈತೆ ಸಾರ್. ಜೀಪ್ ಸದ್ದಲ್ಲಿ ಕೇಳಲ್ಲ."

ಸುಬ್ರಹ್ಮಣ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಅವನು ನಿಲ್ಲಿಸುವ ಮೊದಲೇ ಅವರು ಕೆಲಸಕ್ಕೆ ತಿರುಗಿದ್ದರು.

ಐದೂವರೆಗೆ ತುಮಕೂರು ರಸ್ತೆಯ ಬಸ್ ಸ್ಟಾಪಿಗೆ ಬಂದ. ಪಕ್ಕದ ಖಾಲಿ ಜಾಗದ ಟೆಂಟ್ ಸಿನಿಮಾದೆದುರು ಮೂವತ್ತಡಿಯ ಕಟೌಟ್ ಏಳುತ್ತಿತ್ತು. ಹಿಂದಿನಿಂದ ಹಗ್ಗ ಎಳೆದು ಹಿಡಿದಿದ್ದವನು ಬೆವರು ಒರೆಸಿಕೊಂಡು ಕರೆದ.

"ಸಾರ್, ಒಂದ್ ಗಳಿಗೆ ಇಡ್ಕಳಿ. ಮುಂದ್ಗಡೆ ನೇರ ಐತಾ ನೋಡ್ಕಂಡು ಬಂದ್ಬಿಡ್ತೀನಿ."

ಸುಬ್ರಹ್ಮಣ್ಯ ಹಿಡಿದುಕೊಂಡ. ಹಗ್ಗದವನು ಮುಂದಕ್ಕೆ ಹೋದ.

ಈ ಕಡೆಗೆ ಬಣ್ಣವಿರಲಿಲ್ಲ. ಮನುಷ್ಯನ ಆಕಾರಕ್ಕೆ ಕತ್ತರಿಸಿದ ಬರಿಯ ಪ್ಲೈವುಡ್ಡು, ಅಡ್ಡ ಕಟ್ಟಿದ ಬಿದಿರು, ಹೊರಗೆ ಚಾಚಿದ ಮೊಳೆಯ ಮೊನೆಗಳು. ಆ ಕಡೆ ಜನ ಸೇರುತ್ತಿದ್ದರು. ಮೂಗು ಸರಿಯಿಲ್ಲ ಎಂದರು ಕೆಲವರು, ಕಣ್ಣು ಮಾತ್ರ ಅವನದೇ ಎಂದರು ಕೆಲವರು. ಯಾರೋ ಶಿಳ್ಳೆ ಹೊಡೆದರು.

"ಯಾರದ್ರಪ್ಪಾ ಮುಖ?" ಎಂದು ಸುಬ್ರಹ್ಮಣ್ಯ ಕೇಳಿದ.

ಹಗ್ಗ ಕೊಟ್ಟು ಹೋದವನು ಇನ್ನೂ ಬಂದಿರಲಿಲ್ಲ. ಬಸ್ ಬಂತು, ನಿಂತಿತು, ಹೋಯಿತು. ಗಾಳಿಗೆ ಕಟೌಟ್ ಆ ಕಡೆ ವಾಲಿತು. ಹಗ್ಗ ಅಂಗೈ ಕೊರೆಯಿತು. ಆ ಕಡೆ ಚಪ್ಪಾಳೆ ಎದ್ದಿತು. ಅವನು ಹಿಮ್ಮಡಿಗಳನ್ನು ಮಣ್ಣಿಗೆ ಒತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ, ಎಳೆದು ಹಿಡಿದ.