ಸೆರಗಿನ ಗಂಟಿನಲ್ಲಿ ಕಬ್ಬಿಣ

ನೊಣ ಬಟ್ಟಲಿನ ಅಂಚಿನ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದೆ, ಉಣ್ಣಲು ಕೂತ ನೆಂಟನ ಹಾಗೆ, ಕುಡಿದುಬಿಡು ನೊಣವೇ, ನನ್ನ ಪಾಲಿನದನ್ನೂ ನೀನೇ ಕುಡಿ — ಬಟ್ಟಲ ತುಂಬ ಹಳದಿ ಕಷಾಯ, ಮೇಲೆ ನೊರೆ, ಅಳಲೆಕಾಯಿ ವಾಸನೆ, ನಾನು ಅಕ್ಷರ ಕಲಿತ ರಾತ್ರಿ ಶಾಲೆಯ ವಾಸನೆ ಇದು, ಸೋಮಯ್ಯ ಮೇಷ್ಟ್ರು ಮಸಿ ಮಾಡಲು ಅಳಲೆಕಾಯಿ ಕುದಿಸುತ್ತಿದ್ದರಲ್ಲ ಆ ಮಡಕೆಯದು, ಜತೆಗೆ ಯಾವುದೋ ಸೊಪ್ಪು ಕೊಳೆತ ನಾತ, ಕುಡೀರವ್ವ, ಉಸುರು ಕಟ್ಟಿ ಕುಡುದ್ಬುಡಿ, ಅಂತಾನೆ ಪುಟ್ಟಮಾದಯ್ಯ, ಗುಂಡ್ಲುಪೇಟೆ ಸುತ್ತಮುತ್ತ ಮದ್ದು ಕೀಳುವುದರಲ್ಲಿ ಇವನನ್ನು ಬಿಟ್ಟರಿಲ್ಲವಂತೆ, ಅನ್ನದಲ್ಲಿ ಯಾರಾದರೂ ಮದ್ದಿಟ್ಟಿದ್ದರೆ ಕಕ್ಕಿಸಿ ಬೆರಳಿಂದ ಎತ್ತಿ ತೋರಿಸುತ್ತಾನಂತೆ, ಆ ಬೆರಳು ನೋಡು, ಉಗುರ ಸಂದಿಯಲ್ಲಿ ಯಾರ್‍ಯಾರ ಹೊಟ್ಟೆಯದೋ, ಥೂ. ಪಕ್ಕದಲ್ಲಿ ನಾದಿನಿ ದೊಡ್ಡಮಲ್ಲಮ್ಮ, ನಾನು ಕುಡಿಯುವ ಮೊದಲೇ ತಾನು ಬಾಯಿ ತೆರೆದುಕೊಂಡಿದ್ದಾಳೆ, ಹಿಂದೆ ಮಗ ಗುರುಪಾದಸ್ವಾಮಿ, ಹೊಸಲಿನ ಆಚೆ ಬಿಸಿಲಲ್ಲಿ ಸೊಸೆ ಶಾಂತಮಲ್ಲಮ್ಮ — ಅವಳು ಒಳಗೆ ಬರಕೂಡದು, ಮದ್ದಿಟ್ಟವಳ ನೆರಳು ಬಿದ್ದರೆ ಮದ್ದು ಮೇಲೇಳುವುದಿಲ್ಲವಂತೆ. ಕಕ್ಕಿದ್ರಲ್ಲಿ ಕಪ್ಪು ಬಂದ್ರೆ ಅವಳ್ನ ಮನೆಗೆ ಕರ್ಕೊಂಡೋಗ್ಬ್ಯಾಡ ಕಣಪ್ಪ, ಅಲ್ಲಿಂದ್ಲೇ ತೆರಕಣಾಂಬಿ ಬಸ್ಸಿಗತ್ಸಿ ತೌರಿಗೆ ಕಳಿಸ್ಬುಡು, ಅಂದಳು ನಾದಿನಿ ಬರುವಾಗ ಬಸ್ಸಿನಲ್ಲಿ, ಎಲ್ಲರಿಗೂ ಕೇಳಲಿ ಅಂತಲೇ, ಮಗ ಹೂಂ ಅಂದ, ಮದುವೆಯಾಗಿ ಎರಡು ವರ್ಷದ ಹೆಂಡತಿಯ ಮೇಲೆ ಒಂದು ಹೂಂ.

ಕಪ್ಪು ಬರದೆ ಇನ್ನೇನು ಬರುತ್ತದೆ, ನುಂಗಿರುವುದು ಕಬ್ಬಿಣ, ಬೆಳಿಗ್ಗೆಯೂ ಒಂದು ನುಂಗಿಯೇ ಬಸ್ಸು ಹತ್ತಿದ್ದು, ನನಗೆ ಗೊತ್ತು, ಅವಳಿಗೆ ಗೊತ್ತು, ಇಬ್ಬರೂ ಬಾಯಿ ಬಿಡುವಂತಿಲ್ಲ. ಚಾಮರಾಜನಗರದ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ಸುಣ್ಣ ಬಳಿದಂಗಿದೆಯಲ್ಲಮ್ಮ ಅಂದರು, ಹೀಗೇ ಬಿಟ್ಟರೆ ಗುಂಡಿಗೆ ನಿಲ್ಲುತ್ತೆ ಅಂದರು, ಒಂದು ಪೊಟ್ಟಣ ಕೊಟ್ಟರು, ಒಳಗೆ ಹಸಿಕಡಲೆಯಂಥ ಹಸಿರು ಮಾತ್ರೆ, ಮೇಲೆ ಕಾಂಪೌಂಡರ್ ಬರೆದದ್ದನ್ನು ನಾನೇ ಅಕ್ಷರ ಅಕ್ಷರ ಕೂಡಿಸಿ ಓದಿದೆ, ಕಬ್ಬಿಣದ ಮಾತ್ರೆ, ಊಟದ ಮೇಲೆ, ಮಲ ಕಪ್ಪಾಗುತ್ತದೆ, ಹೆದರಬಾರದು — ಅರವತ್ತನೇ ವಯಸ್ಸಿಗೆ ನಾಲ್ಕಕ್ಷರ ಕಲಿತು ನಾನು ಓದಿದ ಮೊದಲ ಕಾಗದದಲ್ಲಿ ನನ್ನ ಮಲದ ಸಮಾಚಾರ. ಹೆದರಬಾರದು ಎಂದು ಬರೆದವನು ಒಂದು ನುಂಗಿ ನೋಡಬೇಕಿತ್ತು, ತೇಗಿದರೆ ಬಾವಿಯ ತುಕ್ಕು ಸರಪಳಿ ನೆಕ್ಕಿದ ಹಾಗೆ, ಮುದ್ದೆ ಮುರಿದರೆ ಹೊಟ್ಟೆ ತೊಳಸು, ನಾಲ್ಕು ದಿನ ಕೂತರೂ ಆಡಿನ ಹಿಕ್ಕೆಯಷ್ಟು, ಅದೂ ಇದ್ದಿಲು, ಅದೂ ಕಣ್ಣಲ್ಲಿ ನೀರು ಬರಿಸಿಕೊಂಡು. ಆದರೂ ಹದಿನೈದು ದಿನಕ್ಕೆ ಕಣದವರೆಗೆ ಏದುಸಿರಿಲ್ಲದೆ ನಡೆದೆನಲ್ಲ, ಅಷ್ಟರಲ್ಲಿ ನಾದಿನಿ ಸಂತೆಮರಹಳ್ಳಿ ಸಂತೆಯಿಂದ ಸುದ್ದಿ ಹೊತ್ತು ತಂದಳು, ಅತ್ಗಮ್ಮ, ಆ ಮಾತ್ರೆ ಕುರಿ ಈಲಿ, ರಕ್ತ ತುಂಬಿದ ಮಾಂಸ, ಒಣಗ್ಸಿ ಮಾಡೋದಂತೆ, ಲಿಂಗ ಕಟ್ಕೊಂಡವಳು ರಕ್ತ ತಿಂತಿದ್ದೀಯ. ಅಲ್ಲ ಕಣೆ ಅದು ಕಬ್ಬಿಣ ಅಂದರೆ, ಓಹೋ ನಮ್ಮ ಪಂಡಿತಮ್ಮ ಓದ್ಬುಟ್ರು. ಕೈಲಿ ಲಿಂಗ ಹಿಡಿಸಿದಳು, ಇನ್ನು ಮುಟ್ಟಲ್ಲ ಅನ್ನು, ಅಂದಳು, ಹಾಗೇ ಅಂದೆ, ಪೊಟ್ಟಣ ಒಲೆಗೆ ಹಾಕಿದೆ, ಬರೀ ಪೊಟ್ಟಣ. ಮಾತ್ರೆ ಸೆರಗಿನ ಗಂಟಿನಲ್ಲಿತ್ತು. ಸೊಸೆ ನೋಡಿದಳು. ರಾತ್ರಿ ಉಂಡ ಮೇಲೆ ಒಂದು ಚೂರು ಬೆಲ್ಲ ತಂದು, ನುಂಗಿ ಅತ್ತೆಮ್ಮ, ನಾ ಯಾರ್ಗೂ ಅನ್ನಲ್ಲ, ಅಂದಳು — ಅಂದಂತೆ ಇವತ್ತಿಗೂ ಯಾರಿಗೂ ಅಂದಿಲ್ಲ, ಬಿಸಿಲಲ್ಲಿ ನಿಂತು ಬೆವರುತ್ತಿದ್ದಾಳೆ.

ಮೊನ್ನೆ ಹುರುಳಿ ಹೊಲದ ಬದುವಿನ ಹಿಂದೆ ಚೊಂಬು ಹಿಡಿದು ಕೂತಿದ್ದೆವು, ನಾದಿನಿಯ ಕಣ್ಣು ತನ್ನ ಮುಂದಿರದೆ ನನ್ನ ಹಿಂದೆ, ಅಯ್ಯೋ ಶಿವನೇ, ಅತ್ಗಮ್ಮ, ಇದೇನ್ ಡಾಂಬರೇ, ಹರವೆ ರೋಡಿಗೆ ಹುಯ್ಬೋದಲ್ಲ, ಅಂತ ನಕ್ಕಳು, ನಕ್ಕವಳು ತಟ್ಟನೆ ನಿಲ್ಲಿಸಿದಳು, ಊಟ ಸೇರಲ್ಲ, ಓಕರಿಕೆ, ಈ ಕಪ್ಪು, ಅನ್ನ ಇಕ್ಕೋಳು ಯಾರು — ನಾನು ತೊಳೆದುಕೊಂಡು ಏಳುವಷ್ಟರಲ್ಲಿ ನನ್ನ ಮಲದಲ್ಲಿ ನನ್ನ ಸೊಸೆಯ ಕೈ ಕಂಡುಬಿಟ್ಟಿದ್ದಳು. ಕುಡೀ ಅವ್ವ, ಅಂತಾನೆ ಮಗ. ಕುಡಿದೆ. ಲೋಳೆ, ಒಗರು, ನಾಲಿಗೆ ಅಂಗುಳಿಗೆ ಅಂಟಿತು, ಕಕ್ಕಲೆಂದು ಮುಂದಿಟ್ಟ ತಟ್ಟೆಗೆ ಬಗ್ಗಿದೆ, ಎದೆಯ ಲಿಂಗ ತೂಗಿಕೊಂಡು ತಟ್ಟೆಯ ಮೇಲೆ ಬಂತು, ಎಡಗೈಯಲ್ಲಿ ಅದನ್ನು ಬದಿಗೆ ಹಿಡಿದುಕೊಂಡೆ, ಬಂತು, ಮೂಗಿನಲ್ಲೂ ಬಂತು, ಬಿಸಿ, ಹುಳಿ, ತುಕ್ಕು — ಕಪ್ಪು. ಕಾಡಿಗೆ ಕಪ್ಪು. ನೋಡ್ರಪ್ಪ ನೋಡಿ, ಅಂತ ಪುಟ್ಟಮಾದಯ್ಯ ಬೆರಳದ್ದಿ ಎತ್ತಿದ, ಎಳೆ ಎಳೆಯಾಗಿ ಇಳಿಯಿತು, ನಾದಿನಿ ಮೂಗು ಮುಚ್ಚಿಕೊಂಡೂ ಬಗ್ಗಿ ನೋಡಿದಳು, ಮಗ ಹೊಸಲಿನ ಕಡೆ ತಿರುಗಿ, ಬಸ್ಸು ಎಷ್ಟೊತ್ತಿಗೆ, ಅಂತ ಯಾರನ್ನೋ ಕೇಳಿದ. ಸೊಸೆ ಈಗಲೂ ಅನ್ನಲಿಲ್ಲ.

ಇಷ್ಟು ಕಪ್ಪು ಎಲ್ಲಿಂದ, ಮಾತ್ರೆ ಹಸಿರು, ಕಷಾಯ ಹಳದಿ, ಈ ಕಪ್ಪನ್ನು ಎಲ್ಲೋ ನೋಡಿದ್ದೇನೆ, ವೋಟಿನ ದಿನ ಬೆರಳಿಗೆ ಹಚ್ಚಿದ್ದಲ್ಲ, ಅದಲ್ಲ, ಅದಕ್ಕೂ ಮೊದಲು — ಸೋಮಯ್ಯ ಮೇಷ್ಟ್ರ ಮಡಕೆ, ಕುದಿದ ಅಳಲೆಕಾಯಿ ನೀರಿಗೆ ತುಕ್ಕು ಹಿಡಿದ ಎತ್ತಿನ ಲಾಳ ಹಾಕಿ, ನೋಡಿ ತಾಯಂದಿರಾ, ಕಬ್ಬಿಣ ಬಿತ್ತು, ಮಸಿ ಆಯ್ತು. ನಾನು ಕಕ್ಕಿದ್ದು ಮಸಿ. ಇದೇ ಮಸಿಯಲ್ಲಿ ನನ್ನ ಹೆಸರು ಬರೆದಿದ್ದೆ. ಸೆರಗಿನ ಗಂಟು ಒದ್ದೆ, ಬಿಚ್ಚಲು ಬರುತ್ತಿಲ್ಲ, ಹಲ್ಲು ಹಾಕಿ ಎಳೆದೆ, ಲಿಂಗ ಇನ್ನೂ ಎಡಗೈಯಲ್ಲೇ ಇದೆ, ಇದನ್ನೇ ಹಿಡಿದು ಸುಳ್ಳಾಡಿದೆ, ಇದನ್ನೇ ಹಿಡಿದು ತೋರಿಸುತ್ತೇನೆ, ಮಾತ್ರೆ ಕಂಡು ನಾದಿನಿ, ಆಣೆ ಮಾಡಿದ್ಯಲ್ಲೇ ಅತ್ಗೆ, ಅಂತ ಕಿರುಚಿದಳು, ಹೂಂ ಮಾಡಿದ್ದೆ, ಕಟಕ್ಕನೆ ಕಡಿದೆ, ಹಸಿರು ಸಿಪ್ಪೆ ಒಡೆದು ಆ ಹಾಳು ರುಚಿ, ಬಟ್ಟಲಿನಲ್ಲಿ ಉಳಿದ ಕಷಾಯಕ್ಕೆ ಉಗಿದೆ, ನನ್ನ ಹೊಟ್ಟೆಗೆ ಹೋಗದ ಕಷಾಯ, ಸೊಸೆಯ ಕೈ ಸೋಕದ ಬಟ್ಟಲು. ನೋಡು ಮಗನೇ. ಮೊದಲು ಏನೂ ಇಲ್ಲ, ಎಂಜಲು ತೇಲುತ್ತಿದೆ, ಆಮೇಲೆ ಒಂದು ಎಳೆ, ಹೊಗೆಯ ಹಾಗೆ ಸುತ್ತಿಕೊಳ್ಳುತ್ತಿದೆ, ಪುಟ್ಟಮಾದಯ್ಯ ಎತ್ತಿದ ಬೆರಳು ಎತ್ತಿದ ಹಾಗೇ ಇದೆ, ಬಟ್ಟಲಿನ ಮೇಲೊಂದು ನೆರಳು ಬಿತ್ತು, ಸೊಸೆ ಹೊಸಲು ದಾಟಿ ಬಂದಿದ್ದಾಳೆ, ಬರಲಿ, ಹಳದಿ ಕಂದಾಯಿತು, ಕಂದು ನೀಲಿಯಾಯಿತು, ಅಂಚಿನಲ್ಲಿ ನೊಣ, ಕೈ ಉಜ್ಜುವುದನ್ನು ನಿಲ್ಲಿಸಿದೆ, ಬಟ್ಟಲಲ್ಲಿ ಕಪ್ಪು, ಬಟ್ಟಲ ತುಂಬ ಕಪ್ಪು —