ನೂರಕ್ಕೆ ಐವತ್ತಾರು

"ತಲೆ ಕಡೆಯವರು ಅಲ್ಲೇ ನಿಲ್ಲಿ. ಕಾಲು ಮೊದಲು ಇಳೀಲಿ."

ಮೂರನೇ ಮಹಡಿಯಿಂದ ಇಳಿಯುತ್ತಿದ್ದ ಸ್ಟ್ರೆಚರ್ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹಿಂದೆ ಹಿಡಿದಿದ್ದ ಪಕ್ಕದ ಮನೆಯ ಡ್ರೈವರ್‌ನ ಕೈ ಜಾರಿ ಹೆಣ ಒಂದು ಬದಿಗೆ ವಾಲಿತು. ಮೇಲಿನಿಂದ ಯಾರೋ ಕೂಗಿಕೊಂಡರು. ಮುಂದೆ ಹಿಡಿದಿದ್ದ ವೆಲ್ಡರ್ ಮಾತ್ರ ಅಲುಗಲಿಲ್ಲ. ಭಾರವನ್ನೆಲ್ಲ ಎಡಗಾಲಿಗೆ ತೆಗೆದುಕೊಂಡು, ಭುಜವನ್ನು ಗೋಡೆಗೆ ಒತ್ತಿ, ಡ್ರೈವರ್‌ಗೆ ಮತ್ತೆ ಹಿಡಿತ ಸಿಗುವವರೆಗೆ ಕಾದ. ಆಮೇಲೆ ಮೆಲ್ಲಗೆ ಹೇಳಿದ:

"ಅವಸರ ಇಲ್ಲ. ಮೇಷ್ಟ್ರಿಗೆ ಇವತ್ತು ಟೈಮಿದೆ."

ಸತ್ತವರ ಮಗಳು ಮೇಲಿನ ಮೆಟ್ಟಿಲಲ್ಲಿ ನಿಂತು ಇದನ್ನು ನೋಡಿದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ವಯಸ್ಸು ಮೂವತ್ತೊಂದು. ಈ ವೆಲ್ಡರ್‌ಗೆ ಎದೆಗಾರಿಕೆ ಇಲ್ಲವೆಂದು ಅವಳ ಅಪ್ಪ ಇಪ್ಪತ್ತಾರು ವರ್ಷದ ಹಿಂದೆ ಬರೆದುಕೊಟ್ಟಿದ್ದರು.

ಕೆಳಗಿನ ಅಂಗಳದಲ್ಲಿ ಹಾಕಿದ್ದ ಕಬ್ಬಿಣದ ಬೆಂಚಿನ ಮೇಲೆ ಸ್ಟ್ರೆಚರ್ ಇಳಿಸಿದರು. ಬೆಂಚಿನ ಒಂದು ಕಾಲು ಗಿಡ್ಡ. ಯಾರು ಮುಟ್ಟಿದರೂ ಟಕ್ಕೆಂದು ಕುಂಟುತ್ತಿತ್ತು. ನಾಳೆ ಬಂದು ಒಂದು ತುಂಡು ಬೆಸುಗೆ ಹಾಕುತ್ತೇನೆಂದು ವೆಲ್ಡರ್ ಹೇಳಿದ.

ವ್ಯಾನ್ ಬರುವುದು ಮೂರು ಗಂಟೆಗೆ. ಅಲ್ಲಿಯವರೆಗೆ ಜನ ಸತ್ತವರ ಮಾತಾಡಿದರು. ಮೂವತ್ತು ವರ್ಷ ಒಂದೇ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಳೆಯ ಹುಡುಗರಿಗೆ ಆಟ ಕಲಿಸಿದ್ದ ಅವರ ಕೈಯಲ್ಲಿ ಸದಾ ಒಂದು ರಟ್ಟಿನ ಪ್ಯಾಡು ಇರುತ್ತಿತ್ತು. ಹಾಗಾಗಿ ಊರಿಗೆಲ್ಲ ಪ್ಯಾಡ್ ಮೇಷ್ಟ್ರು.

"ನನ್ನ ಚಹಾಕ್ಕೂ ಅಂಕ ಹಾಕೋರು" ಎಂದ ಮೂಲೆಯ ಅಂಗಡಿಯವನು. "ಹದಿನೆಂಟು ವರ್ಷದಲ್ಲಿ ಐದಕ್ಕೆ ಮೂರು ದಾಟಲಿಲ್ಲ."

"ಮೂರು ಕೊಟ್ಟಿದ್ದೇ ಧಾರಾಳ" ಎಂದ ಡ್ರೈವರ್. ಹೆಣದ ಮುಂದೆಯೇ ನಾಲ್ಕು ಜನ ನಕ್ಕರು.

ವೆಲ್ಡರ್‌ನ ಅಂಗಿ ಜೇಬಿನಲ್ಲಿ ಮಡಿಸಿದ ಕಾಗದವೊಂದು ಇಣುಕುತ್ತಿತ್ತು. ಡ್ರೈವರ್ ಅದೇನೆಂದು ಕೇಳಿದ. ಮಗಳ ಅರ್ಜಿ ಎಂದ ವೆಲ್ಡರ್. ಹದಿಮೂರರ ಹುಡುಗಿಗೆ ಕ್ಲಬ್ಬಿನ ಆಯ್ಕೆಗೆ ಹೋಗುವ ಆಸೆ, ತಂದೆಯ ಸಹಿ ಬೇಕು, ಇವತ್ತು ಐದಕ್ಕೆ ಕೊನೆ. ಹತ್ತು ದಿನದ ಹಿಂದೆ ಅದನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಮೇಷ್ಟ್ರ ಕೈಗೆ ಕೊಟ್ಟು, ಕಳಿಸಲಾ ಎಂದು ಕೇಳಿದ್ದನಂತೆ. ಮೇಷ್ಟ್ರು ಪೂರ್ತಿ ಓದಿ, ವಾಪಸು ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದರಂತೆ.

"ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಅವರಿಗೆ ಮನಸ್ಸು ಬರಲಿಲ್ಲ" ಎಂದ ವೆಲ್ಡರ್. "ನನ್ನ ರಕ್ತ ಅವರಿಗೆ ಗೊತ್ತಲ್ಲ."

ಮೇಷ್ಟ್ರ ಮಗಳು ಎದ್ದು ಮೇಲಕ್ಕೆ ಹೋದಳು.

*

ಇಪ್ಪತ್ತಾರು ವರ್ಷದ ಹಿಂದೆ ಕ್ಲಬ್ಬು ಮೊದಲ ಸಲ ಹುಡುಗರ ಕಾಲಿನ ಜೊತೆ ಮನಸ್ಸನ್ನೂ ಅಳೆಯಲು ಹೊರಟಿತ್ತು. ಚೆಂಡು, ಬಲೆ ಇಡುವ ಕೋಣೆಯಲ್ಲಿ ಹುಡುಗರನ್ನು ಕೂರಿಸಿ ಒಂದೊಂದು ಹಾಳೆ ಹಂಚಿದರು. ಇಪ್ಪತ್ತು ವಾಕ್ಯ. ನಿನ್ನ ಮಟ್ಟಿಗೆ ಪೂರ್ತಿ ಸುಳ್ಳಾದರೆ ಒಂದಕ್ಕೆ ಸುತ್ತು ಹಾಕು, ಪೂರ್ತಿ ನಿಜವಾದರೆ ಐದಕ್ಕೆ.

'ಸೋಲುತ್ತಿರುವಾಗ ಚೆಂಡು ನನಗೇ ಬರಲಿ ಅನ್ನಿಸುತ್ತದೆ.' ಎಡಗಾಲಲ್ಲಿ ಒದೆಯುತ್ತಿದ್ದ ಹದಿನಾಲ್ಕರ ಹುಡುಗ ಐದಕ್ಕೆ ಸುತ್ತು ಹಾಕಿದ. 'ಒಮ್ಮೆ ತಪ್ಪಿದರೆ ಮತ್ತೆ ಚೆಂಡು ಕೇಳಲು ಹೆದರುತ್ತೇನೆ.' ಅವನಿಗೆ ನಗು ಬಂತು. ಒಂದಕ್ಕೆ ಹಾಕಿದ. ಅದೇ ಬೆಳಿಗ್ಗೆ ಇಪ್ಪತ್ತು ಗಜದಿಂದ ಹತ್ತು ಸಲ ಒದ್ದು, ಏಳು ಸಲ ಗುರಿಯಿಟ್ಟ ಗೋಲಿನ ಅಡ್ಡಪಟ್ಟಿಗೇ ಹೊಡೆದಿದ್ದ.

ಮನಸ್ಸಿನ ಹಾಳೆಗೆ ಬಂದ ಅಂಕ ನೂರಕ್ಕೆ ಐವತ್ತಾರು. ಅರವತ್ತು ಬೇಕಿತ್ತು. ಮೇಷ್ಟ್ರು ಹೆಗಲ ಮೇಲೆ ಕೈಹಾಕಿ ಗೇಟಿನವರೆಗೆ ನಡೆದರು.

"ಕಾಲು ದೇವರು ಕೊಟ್ಟಿದಾನೆ ಕಣೋ. ಎದೆ ಕೊಟ್ಟಿಲ್ಲ. ಅದನ್ನ ಕಲಿಸೋಕೆ ನನಗೆ ಬರಲ್ಲ."

ಮುಂದಿನ ವಾರ ತಾವೇ ಕರೆದುಕೊಂಡು ಹೋಗಿ ಪರಿಚಯದ ವೆಲ್ಡಿಂಗ್ ಶಾಪಿನಲ್ಲಿ ಕೆಲಸಕ್ಕೆ ಸೇರಿಸಿದರು.

*

ಕಪಾಟಿನ ಮುಂದೆ ಕೂತಿದ್ದ ಮೇಷ್ಟ್ರ ಮಗಳ ಕೈಯಲ್ಲಿ ಹಳೆಯ ಕಟ್ಟು ನೋಡಿ ಸೋದರತ್ತೆ ಬಾಗಿಲು ಹಾಕಿಕೊಂಡಳು. ಸತ್ತ ಅಣ್ಣ ಮುಚ್ಚಿಟ್ಟ ವಿಷಯ ಅವಳಿಗೆ ಗೊತ್ತಿತ್ತು.

"ಸತ್ತವರ ತಪ್ಪನ್ನ ಅವರ ಜೊತೆಗೇ ಕಳಿಸಿಬಿಡು ಮಗಾ. ಅಷ್ಟು ಜನ ಕೆಳಗೆ ನಿಂತಿದಾರೆ."

"ವೆಲ್ಡರ್ ಅಣ್ಣನ ಮಗಳ ಅರ್ಜಿಗೆ ಐದು ಗಂಟೆ ಕೊನೆ ಅತ್ತೆ."

"ಅದಕ್ಕೆ?"

ಅವಳು ಕಟ್ಟನ್ನು ಬಿಚ್ಚಿದಳು.

*

ಹನ್ನೊಂದು ವರ್ಷದ ಹಿಂದೆ ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿಕೊಡಿ ಎಂದು ಕ್ಲಬ್ಬು ಮೇಷ್ಟ್ರನ್ನು ಕೇಳಿತ್ತು. ಟೈಪು ಮಾಡಿದವಳು ಮಗಳು. ಆಗ ಕಟ್ಟಿನ ತಳದಲ್ಲಿ ಅವಳಿಗೆ ಆ ಇಪ್ಪತ್ತು ವಾಕ್ಯಗಳ ಮೂಲ ಹಾಳೆ ಸಿಕ್ಕಿತು. ಅದರ ಬೆನ್ನಿನಲ್ಲಿ ಅಂಕ ಕೊಡುವ ನಿಯಮವಿತ್ತು. ಇಪ್ಪತ್ತರಲ್ಲಿ ಹತ್ತು ವಾಕ್ಯ ಧೈರ್ಯದವು, ಹತ್ತು ಭಯದವು. ಭಯದ ವಾಕ್ಯಗಳಿಗೆ ಅಂಕ ತಿರುಗಿಸಬೇಕು: ಹುಡುಗ ಒಂದು ಎಂದರೆ ಐದು, ಐದು ಎಂದರೆ ಒಂದು. ಕ್ಲಬ್ಬಿನಲ್ಲಿ ಜೆರಾಕ್ಸ್ ಮಾಡಿಸಿದ್ದು ಹಾಳೆಯ ಮುಂಬದಿ ಮಾತ್ರ. ಮೇಷ್ಟ್ರು ಹಾಳೆಯನ್ನು ತಿರುವಿ ನೋಡಿರಲಿಲ್ಲ. ಪರೀಕ್ಷೆ ನಡೆದ ಮೂರು ವರ್ಷವೂ ಇಪ್ಪತ್ತನ್ನೂ ನೇರವಾಗಿ ಕೂಡಿಸಿದ್ದರು. ಹೆದರುವ ಹುಡುಗರಿಗೆ ಹೆದರಿಕೆಗೂ ಅಂಕ ಸಿಕ್ಕಿತ್ತು.

ಎಡಗಾಲಿನ ಹುಡುಗನದು ಧೈರ್ಯಕ್ಕೆ ನಲವತ್ತನಾಲ್ಕು, ಭಯಕ್ಕೆ ಹನ್ನೆರಡು. ಆ ಹನ್ನೆರಡು ತಿರುಗಿಸಿದರೆ ನಲವತ್ತೆಂಟು.

"ಅಪ್ಪಾ, ಇದು ತೊಂಬತ್ತೆರಡು. ಮೂರು ವರ್ಷದಲ್ಲಿ ಯಾರಿಗೂ ಇಷ್ಟಿಲ್ಲ."

ಮೇಷ್ಟ್ರು ಪೆನ್ನು ಹಿಡಿದು ಎರಡು ಸಲ ಕೂಡಿಸಿದರು. ಆ ರಾತ್ರಿ ಊಟ ಮಾಡಲಿಲ್ಲ.

"ಭಾನುವಾರ ಬರ್ತಾನಲ್ಲ, ಹೇಳ್ತೀನಿ" ಎಂದರು.

ವೆಲ್ಡರ್ ಭಾನುವಾರ ಬಂದ. ಒಲೆಯ ಸ್ಟ್ಯಾಂಡು ರಿಪೇರಿ ಮಾಡಿದ, ಚಹಾ ಕುಡಿದ, ಹೋದ. ಹನ್ನೊಂದು ವರ್ಷ ಭಾನುವಾರಗಳು ಬಂದವು.

*

ಮಣ್ಣು ಮುಗಿಸಿ ಬಂದಾಗ ನಾಲ್ಕೂಕಾಲು. ಜನ ಕರಗಿದ್ದರು. ಬೆಂಚಿನ ಮೇಲೆ ಈಗ ಮೇಷ್ಟ್ರ ಫೋಟೊ, ನೀರಿನ ಜಗ್ಗು. ವೆಲ್ಡರ್ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಮೇಷ್ಟ್ರ ಮಗಳು ಅವನನ್ನು ಕೂರಿಸಿ, ಅವನು ಅಂದು ತುಂಬಿದ್ದ ಹಾಳೆ, ಮೂಲ ಹಾಳೆ ಎರಡನ್ನೂ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿದ. ತನ್ನದೇ ಎಳೆಯ ಸುತ್ತುಗಳ ಮೇಲೆ ಬೆರಳಾಡಿಸಿದ.

"ಮೇಷ್ಟ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಹನ್ನೊಂದು ವರ್ಷದಿಂದ."

"ಓ" ಎಂದ. "ಆಗ ನಮ್ಮ ಹುಡುಗಿಗೆ ಎರಡು ವರ್ಷ."

"ಸಹಿ ಮಾಡಿ ಅಣ್ಣ. ಆಫೀಸು ಹತ್ತು ನಿಮಿಷದ ದಾರಿ. ನಾನೇ ಕೊಟ್ಟು ಬರ್ತೀನಿ."

"ಇಂಥ ಹಾಳೆ ಖಾಲಿಯದು ಇದೆಯಾ?"

ಇತ್ತು. ಅವನು ಮೇಷ್ಟ್ರ ರಟ್ಟಿನ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಇಪ್ಪತ್ತು ವಾಕ್ಯಗಳನ್ನೂ ತುಟಿ ಆಡಿಸುತ್ತ ಓದಿ, ಒಂದೊಂದಕ್ಕೂ ಸುತ್ತು ಹಾಕಿದ. ಈ ಸಲ ನಗಲಿಲ್ಲ. ಎಲ್ಲಿಯೂ ಹೊಡೆದುಹಾಕಿ ತಿದ್ದಲಿಲ್ಲ.

"ಚೆಂಡು ಅಂತಿರೋ ಕಡೆ ಕೆಲಸ ಅಂತ ಓದ್ಕೊಂಡೆ" ಎಂದು ಹಾಳೆ ಕೊಟ್ಟ. "ಕೂಡಿಸು. ಸರಿಯಾದ ಲೆಕ್ಕದಲ್ಲಿ."

ಬರೆಯಲು ಬೇರೆ ಕಾಗದ ಕಾಣದೆ ಅವನು ಜೇಬಿನ ಅರ್ಜಿಯನ್ನು ಮಗುಚಿ ಕೊಟ್ಟ.  ಅವಳು ಅರ್ಜಿಯ ಬೆನ್ನಿನ ಮೇಲೆ ಕೂಡಿಸಿದಳು. ಧೈರ್ಯಕ್ಕೆ ಇಪ್ಪತ್ತನಾಲ್ಕು. ಭಯಕ್ಕೆ ನಲವತ್ತಮೂರು, ತಿರುಗಿಸಿದರೆ ಹದಿನೇಳು. ಮತ್ತೊಮ್ಮೆ ಕೂಡಿಸಿದಳು. ಒಟ್ಟು ನಲವತ್ತೊಂದೇ ಬಂತು.

ಅವನು ಬಗ್ಗಿ ನೋಡಿದ.

"ತಿರುಗಿಸಿದೀಯಲ್ಲ?"

"ಹೂಂ."

"ಹಾಗಾದ್ರೆ ಮೇಷ್ಟ್ರು ಹದಿನೈದು ಜಾಸ್ತೀನೇ ಕೊಟ್ಟಿದ್ರು."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದು ನಿಮ್ಮ ಅಂಕ, ಹುಡುಗಿಯದಲ್ಲ ಎಂದಳು ಅವಳು. ಆ ಹುಡುಗಿಯಾದರೂ ಹೋಗಿ ಒಮ್ಮೆ ಒದೆಯಲಿ ಎಂದಳು.

"ಅವಳಿಗೆ ತಿಳುವಳಿಕೆ ಬಂದಾಗಿಂದ ಹೇಳ್ತಿದೀನಿ ತಂಗಿ, ನಮ್ಮ ಮನೇಲಿ ಎದೆ ಇಲ್ಲ ಅಂತ. ಅರ್ಜಿ ತಂದವಳೇ ಮೊನ್ನೆ ಅಂದಳು, 'ಬಿಡಿ ಅಪ್ಪ, ಹೆಂಗಿದ್ರೂ ಹೆದರ್ಕೋತೀನಿ' ಅಂತ." ಅವನು ಎದ್ದ. "ಕೈ ಕೊಡು, ಕುರ್ಚಿ ಇನ್ನೂ ಆರಿವೆ."

ಆರು ಕುರ್ಚಿಗಳನ್ನೂ ಪೇರಿಸಿದರು. ಕೊನೆಯದನ್ನು ಎತ್ತುವಾಗ ಅವನ ಮೊಣಕಾಲು ತಗಲಿ ಬೆಂಚು ಟಕ್ಕೆಂದಿತು, ಜಗ್ಗಿನ ನೀರು ತುಳುಕಿತು. ವೆಲ್ಡರ್ ಕುಕ್ಕರಗಾಲಲ್ಲಿ ಕೂತ. ಅರ್ಜಿಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸಿ, ಒಂದು ಕೈಯಲ್ಲಿ ಬೆಂಚನ್ನು ಎತ್ತಿ, ಗಿಡ್ಡ ಕಾಲಿನ ಅಡಿಗೆ ಇಟ್ಟ. ಅಂಗೈಯಿಂದ ಮೇಲೆ ಒತ್ತಿ ನೋಡಿದ. ಸರಿಯಾಗಿ ಕೂತಿತ್ತು.

ಮೇಷ್ಟ್ರ ಫೋಟೊ ಅಲುಗುವುದು ನಿಂತಿತು. ಐದಕ್ಕೆ ಇನ್ನೂ ಹದಿನೆಂಟು ನಿಮಿಷವಿತ್ತು.