ಎತ್ತಿದ ಕೈ

"ನಾನು ಕೈ ಎತ್ತುವವರೆಗೆ ಎ.ಸಿ. ಮುಟ್ಟಲಿಕ್ಕಿಲ್ಲ, ಗುಣಪಾಲಣ್ಣ. ಎತ್ತಿದ ಕೂಡಲೇ ಹಾಕಿಬಿಡಿ, ಆಯ್ತಾ?" ಎಂದಿದ್ದಳು ಶರ್ಮಿಳಾ.

ಮಂಗಳೂರಿನ ಈ ಹುಡುಗಿ ದುಬೈಯ ಅಲ್ ಕೂಝ್‌ನಲ್ಲಿ ಗೋದಾಮಿನೊಳಗಿನ ಒಂದು ಆರ್ಟ್ ಗ್ಯಾಲರಿಯ ಕಾರ್ಯಕ್ರಮ ನೋಡಿಕೊಳ್ಳುವವಳು. ಕಾರ್ಕಳದ ಗುಣಪಾಲ ಅಲ್ಲಿಯ ಎ.ಸಿ. ಮೆಕ್ಯಾನಿಕ್. ಹೊರಗೆ ಮೇ ತಿಂಗಳ ಮಧ್ಯಾಹ್ನ, ನಲವತ್ತಮೂರು ಡಿಗ್ರಿ. ಒಳಗೆ ಅತಿಥಿಗಳು ಚಾಪೆಯ ಮೇಲೆ ಕೂತು ಹೆಬ್ಬೆರಳಿನಷ್ಟು ಬಟ್ಟಲಲ್ಲಿ ಚೀನಾದ ಚಹಾ ಹೀರುತ್ತಿದ್ದರು. ಅಷ್ಟು ಚಹಾ ಕಾರ್ಕಳದಲ್ಲಿ ಬೆಕ್ಕಿಗೂ ಸಾಲದು. ನಡುವೆ ಎಪ್ಪತ್ತು ದಾಟಿದ ಲಿನ್ ಎಂಬ ಕಲಾವಿದೆ ಏಳು ತಂತಿಯ ಗುಚಿನ್ ನುಡಿಸುತ್ತಿದ್ದರು. ಆ ವಾದ್ಯದ ಸ್ವರ ಎಷ್ಟು ಸಣ್ಣದೆಂದರೆ ಎ.ಸಿ. ಹಾಕಿದರೆ ಏನೂ ಕೇಳಿಸದು.

ಪಕ್ಕದ ಕೋಣೆಗೂ ಇದೇ ಎ.ಸಿ. ಅಲ್ಲಿ ಜೇನುಮೇಣದ ಕುದುರೆಯೊಂದಿತ್ತು. ಶಾಖ ಇಪ್ಪತ್ತೆಂಟು ದಾಟಿದರೆ ಅದರ ಕಾಲು ಬಾಗುತ್ತದಂತೆ. ಶಾಖ ತೋರಿಸುವ ಮೀಟರು ಶರ್ಮಿಳಾಳ ಮುಂದೆ ಒಂದು, ಗುಣಪಾಲನ ಮುಂದೆ ಒಂದು.

ಅವನ ಹೆಸರಿಗೆ ಆಗಲೇ ಒಂದು ಮೆಮೊ ಬಿದ್ದಿತ್ತು. ಇನ್ನೊಂದು ಬಂದರೆ ಖಲಾಸ್, ವೀಸಾ ರದ್ದು. ಹೆಂಡತಿ ದೀಕ್ಷಿತಾ ಊರಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಬರ್ ದುಬೈಯ ಕೋಣೆಗೆ ಪರದೆ ಹೊಲಿಯುತ್ತಿದ್ದಳು.

ಇಪ್ಪತ್ತಾರು. ಇಪ್ಪತ್ತಾರೂವರೆ. ಸಂಗೀತ ಅವನ ಕಿವಿಗೇ ಬೀಳಲಿಲ್ಲ. ಕಣ್ಣೆಲ್ಲ ಶರ್ಮಿಳಾಳ ಕೈಯ ಮೇಲೆ. ಅವಳೋ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಮುಂದೆ ಕೂತಂತೆ ಕೂತಿದ್ದಳು. ಇಪ್ಪತ್ತೇಳು. ಕುದುರೆ ಕೆಟ್ಟರೆ ಮೆಮೊ ಯಾರಿಗೆ ಬರುತ್ತದೆ? ಆಫೀಸಿನಲ್ಲಿ ಕೂರುವವಳಿಗಂತೂ ಅಲ್ಲ.

ಆಗ ಶರ್ಮಿಳಾ ಬಟ್ಟಲು ಕೆಳಗಿಟ್ಟು, ಕೈ ಎತ್ತಿ ಹಣೆಯ ಬೆವರು ಒರೆಸಿಕೊಂಡಳು.

ಬೆವರು ಒರೆಸಿದ್ದೆಂದು ಗುಣಪಾಲನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸ್ವಿಚ್ ಒತ್ತಿಬಿಟ್ಟ.

ತಗಡಿನ ಮಾಡು ನಡುಗುವಂತೆ ಎ.ಸಿ. ಮೊರೆಯಿತು. ಲಿನ್ ಅವರ ಬೆರಳುಗಳು ಇನ್ನೂ ತಂತಿಯ ಮೇಲೆ ಆಡುತ್ತಿದ್ದವು, ಸ್ವರ ಮಾತ್ರ ಇಲ್ಲ. ಸ್ವಲ್ಪ ಹೊತ್ತಿಗೆ ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರು.

ಗ್ಯಾಲರಿಯ ಯಜಮಾನ ಕೆಂಡಾಮಂಡಲವಾಗಿ ಬಂದ. ವಾದನ ಇನ್ನು ಎರಡೇ ನಿಮಿಷವಿತ್ತು, ಮೀಟರಿನಲ್ಲಿ ಒಂದು ಡಿಗ್ರಿ ಬಾಕಿಯಿತ್ತು. ಹಾಕಲು ಹೇಳಿದವರು ಯಾರು ಎಂದು ಕೂಗಾಡಿದ.

"ಮೇಡಂ ಕೈ ಎತ್ತಿದ್ರು, ಸರ್."

ಶರ್ಮಿಳಾ ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಹೌದೆಂದು ತಲೆಯಾಡಿಸಿದಳು. ನಾಳೆಯಿಂದ ಬರುವುದು ಬೇಡವೆಂದು ಯಜಮಾನ ಅಲ್ಲೇ, ಅತಿಥಿಗಳ ಎದುರೇ ಅವಳಿಗೆ ಹೇಳಿದ.

ಹೊರಡುವ ಮುಂಚೆ ಅವಳು ಬ್ಯಾಗು ಹಿಡಿದುಕೊಂಡು ಎ.ಸಿ. ಪ್ಯಾನೆಲ್ಲಿನ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು.

"ತಪ್ಪು ನಂದೇ, ಗುಣಪಾಲಣ್ಣ. ಬೆವರು ಒರೆಸಿಕೊಂಡದ್ದು ಮಾರಾಯ್ರೆ, ನನಗೆ ಜ್ಞಾನವೇ ಇರಲಿಲ್ಲ. ಸುಮ್ಮನೆ ನಿಮಗೂ ಬೈಗುಳ ತಿನ್ನಿಸಿದೆ. ಬೇಜಾರು ಮಾಡ್ಬೇಡಿ, ಆಯ್ತಾ?"

"ಪರವಾಗಿಲ್ಲ ಮೇಡಂ," ಎಂದ ಗುಣಪಾಲ.